ಗಾಜಾಗಿ ಉಳಿದ ಫೋಟೊಗಳು: ನ್ಯೂಯಾರ್ಕ್ ಸಬ್‌ವೇ ಗೋಡೆಗಳಲ್ಲಿ ವಲಸೆ ಮತ್ತು ಬಾಲ್ಯ

ನ್ಯೂಯಾರ್ಕ್‌ನ ದೊಡ್ಡ ಮ್ಯೂಸಿಯಂಗಳಲ್ಲಿ ದೊಡ್ಡವರ ಟಿಕೆಟ್ಟಿಗೆ 30 ಡಾಲರ್ ತೆರಬೇಕು. ಅದೇ ಊರಿನ ಸಬ್‌ವೇಯಲ್ಲಿ, ಅಂದರೆ ನೆಲದಡಿಯ ಮೆಟ್ರೊ ರೈಲಿನಲ್ಲಿ, 3 ಡಾಲರ್‌ಗೆ ಒಳಗೆ ಹೋದರೆ, ಗೇಟು ದಾಟಿ ಹೊರಬರದಿರುವ ತನಕ ಎಷ್ಟು ರೈಲು ಬದಲಿಸಿದರೂ ಮತ್ತೆ ದುಡ್ಡಿಲ್ಲ. ಆ ಒಂದು ಟಿಕೆಟ್ಟಿನಲ್ಲಿ, ಫೋಟೊದಿಂದ ಹುಟ್ಟಿದ ಕೆಲವು ಅಪರೂಪದ ಗೋಡೆಚಿತ್ರಗಳನ್ನು ಅರ್ಧ ದಿನದಲ್ಲಿ ನೋಡಿ ಮುಗಿಸಬಹುದು. ಅವುಗಳಲ್ಲಿ ಹೆಚ್ಚಿನವನ್ನು ಮಾಡಿದವರು ಬೇರೆ ದೇಶದಿಂದ ಈ ಊರಿಗೆ ಬಂದವರು. ನ್ಯೂಜೆರ್ಸಿ, ಕ್ವೀನ್ಸ್ ಕಡೆ ಇರುವ ಕನ್ನಡಿಗರಿಗೂ, ಮಕ್ಕಳ ಮನೆಗೆಂದು ಊರಿಂದ ಬಂದು ಆರು ತಿಂಗಳು ಇರುವ ಅಪ್ಪ ಅಮ್ಮಂದಿರಿಗೂ, ಮೊಮ್ಮಕ್ಕಳ ಕೈ ಹಿಡಿದು ಹೋಗಲು ಇದಕ್ಕಿಂತ ಒಳ್ಳೆಯ ಸುತ್ತು ಸಿಗುವುದು ಕಷ್ಟ.

ಇದನ್ನೆಲ್ಲ ನೋಡಿಕೊಳ್ಳುವುದು ಊರಿನ ರೈಲು, ಬಸ್ಸು ನಡೆಸುವ ಎಂಟಿಎ ಸಂಸ್ಥೆಯ ಆರ್ಟ್ಸ್ ಅಂಡ್ ಡಿಸೈನ್ ವಿಭಾಗ. 1985ರಲ್ಲಿ ಶುರುವಾಯಿತು. ಆಗ ನಿಲ್ದಾಣಗಳು ಹಾಳುಬಿದ್ದಿದ್ದವು. ದುರಸ್ತಿಯ ಜೊತೆಗೇ ಕಲೆಯನ್ನೂ ತರಬೇಕು ಎಂಬ ತೀರ್ಮಾನದ ಫಲವಾಗಿ ಇವತ್ತು 400ಕ್ಕೂ ಹೆಚ್ಚು ಶಾಶ್ವತ ಕೃತಿಗಳಿವೆ. ಬೆಂಗಳೂರಿನ ಎಂ.ಜಿ. ರಸ್ತೆ ನಿಲ್ದಾಣದ ರಂಗೋಲಿ ಮೆಟ್ರೊ ಕಲಾ ಕೇಂದ್ರವನ್ನು ನೋಡಿದವರಿಗೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಅಲ್ಲಿ ಕಲೆಗೊಂದು ಬೇರೆ ಜಾಗವಿದೆ, ನೋಡಬೇಕೆಂದು ಹೋಗಬೇಕು. ಇಲ್ಲಿ ಕೆಲಸಕ್ಕೆ ಓಡುವವನ ಭುಜಕ್ಕೆ ತಾಗುವಂತೆ ಚಿತ್ರ ನಿಂತಿರುತ್ತದೆ.

ಮೊದಲು ಇಳಿಯಬೇಕಾದದ್ದು ಕ್ಯೂ (Q) ಎಂಬ ರೈಲು ಮಾರ್ಗದ 72 ಸ್ಟ್ರೀಟ್ ನಿಲ್ದಾಣದಲ್ಲಿ. 2017ರ ಜನವರಿ 1ರಂದು ಸೆಕೆಂಡ್ ಅವೆನ್ಯೂ ಮಾರ್ಗ ತೆರೆದಾಗ ಇಲ್ಲಿ ವಿಕ್ ಮುನೀಜ್ ಅವರ 'ಪರ್ಫೆಕ್ಟ್ ಸ್ಟ್ರೇಂಜರ್ಸ್' ಬಂತು. ಮುನೀಜ್ ಬ್ರೆಜಿಲ್‌ನವರು. 1996ರಲ್ಲಿ ಅವರು ಸೇಂಟ್ ಕಿಟ್ಸ್ ದ್ವೀಪದ ಕಬ್ಬಿನ ತೋಟದ ಕೂಲಿಗಳ ಮಕ್ಕಳ ಮುಖಗಳನ್ನು ಕಪ್ಪು ಕಾಗದದ ಮೇಲೆ ಸಕ್ಕರೆ ಉದುರಿಸಿ ಬಿಡಿಸಿದರು, ಅದರ ಫೋಟೊ ತೆಗೆದರು. ಅಂದಿನಿಂದ ಅವರ ದಾರಿಯೇ ಅದು: ಯಾವುದಾದರೊಂದು ವಸ್ತುವಿನಲ್ಲಿ ಚಿತ್ರ ಮಾಡುವುದು, ಕೊನೆಗೆ ಅದನ್ನು ಫೋಟೊ ಮಾಡುವುದು. 72 ಸ್ಟ್ರೀಟ್‌ನಲ್ಲಿ ಈ ದಾರಿ ತಿರುವುಮುರುವಾಗಿದೆ. ಜನರನ್ನು ನಿಲ್ಲಿಸಿ ಮೊದಲು ಫೋಟೊ ತೆಗೆದರು, ಆಮೇಲೆ ಆ ಫೋಟೊಗಳು ಗಾಜಿನ ಚೂರುಗಳಾದವು.

ಮೂವತ್ತಾರಕ್ಕೂ ಹೆಚ್ಚು ಮಂದಿ ಆಳೆತ್ತರದಲ್ಲಿ ಗೋಡೆಯುದ್ದಕ್ಕೂ ನಿಂತಿದ್ದಾರೆ. ಕೈ ಕೈ ಹಿಡಿದ ಇಬ್ಬರು ಗಂಡಸರು. ಕೈಯಲ್ಲಿ ಐಸ್‌ಕ್ಯಾಂಡಿ ಹಿಡಿದ ಪೊಲೀಸ್. ಚೀಲದಿಂದ ಮೀನಿನ ಬಾಲ ಹೊರಚಾಚಿದ ಒಬ್ಬ. ಪೇಟ ಕಟ್ಟಿದ ಒಬ್ಬ. ಓಡುವಾಗ ಎಡವಿ, ಕಾಗದವೆಲ್ಲ ಗಾಳಿಗೆ ಹಾರಿಹೋದ ಒಬ್ಬ. ಅವರು ಮುನೀಜ್ ಅವರೇ. ನಡುವೆ ಹುಲಿಯ ಉಡುಪು ತೊಟ್ಟ ಒಂದು ಆಕೃತಿ. ಮಂಗಳೂರು, ಉಡುಪಿ ಕಡೆಯ ಮಕ್ಕಳಿಗೆ ಇದರ ಪರಿಚಯ ಮಾಡಿಸಬೇಕಾಗಿಲ್ಲ, ಹುಲಿವೇಷದವರು ರೈಲಿಗೆ ಕಾಯುತ್ತಿದ್ದಾರೆ ಅಷ್ಟೆ.

ಈ ಕೃತಿಯ ಬಲ ಇರುವುದು ಹಿನ್ನೆಲೆಯಲ್ಲಿ. ಆಕೃತಿಗಳು ಚೌಕಟ್ಟಿನೊಳಗಿಲ್ಲ, ಹಿಂದೆ ಮನೆ ಮಠ ಬೀದಿ ಏನೂ ಇಲ್ಲ. ಬರೀ ಬಿಳಿ ಗೋಡೆ. ನಮ್ಮ ಹಿಂದೆಯೂ ಅದೇ ಗೋಡೆ. ಹಾಗಾಗಿ ಅವರೂ ನಾವೂ ಒಂದೇ ರೈಲಿಗೆ ಕಾಯುವವರಾಗಿಬಿಡುತ್ತೇವೆ. ಬೇರೆ ಊರಿಂದ ಬಂದವರು ಎಂಬ ಮಾತನ್ನು ಎಲ್ಲೂ ಹೇಳಿಲ್ಲ, ಸೂಟ್‌ಕೇಸು, ಹಡಗು, ಗಡಿಬೇಲಿಯ ಚಿತ್ರ ಇಲ್ಲ. ವಲಸೆಯ ಬಗ್ಗೆ ಮಾಡಿದ ಸಾರ್ವಜನಿಕ ಕಲೆ ಬಹಳ ಸಲ ಸೋಲುವುದು ಆ ಸೂಟ್‌ಕೇಸಿನಲ್ಲೇ. ಇಲ್ಲಿ ಅದಿಲ್ಲದಿರುವುದು ದೊಡ್ಡ ಸಮಾಧಾನ.

ಫೋಟೊ ಗಾಜಾಗುವ ಬಗೆ ತಿಳಿದುಕೊಂಡರೆ ನೋಡುವ ಕಣ್ಣೇ ಬದಲಾಗುತ್ತದೆ. ಮುನೀಜ್ ಅವರ ಕೃತಿಯನ್ನೂ, ಮುಂದೆ ಬರುವ ಫೋಟೊಗ್ರಾಫರ್ ವಿಲಿಯಂ ವೆಗ್‌ಮನ್ ಅವರ ಕೃತಿಯನ್ನೂ ಕಟ್ಟಿದ್ದು ಜರ್ಮನಿಯ ಮ್ಯೂನಿಕ್‌ನ ಮಾಯರ್ ಎಂಬ ಹಳೆಯ ಕಾರ್ಯಾಗಾರ. ಈ ಬಗೆಯ ಕೆಲಸದಲ್ಲಿ ಫೋಟೊವನ್ನು ನಿಜ ಅಳತೆಗೆ ಹಿಗ್ಗಿಸಿ ಮುದ್ರಿಸಿ ಮೇಜಿನ ಮೇಲೆ ಹಾಸುತ್ತಾರೆ. ಬಣ್ಣದ ಗಾಜಿನ ಹಲಗೆಗಳನ್ನು ಇಕ್ಕಳದಿಂದ ಕತ್ತರಿಸಿ, ಫೋಟೊದ ನೆರಳು ಬೆಳಕಿಗೆ ಹೊಂದುವ ಚೂರನ್ನು ಒಂದೊಂದಾಗಿ ಜೋಡಿಸುತ್ತಾರೆ. ಜೋಡಿಸಿದ್ದನ್ನು ಕಾಗದಕ್ಕೋ ಬಲೆಗೋ ಅಂಟಿಸಿ, ಹೊರಲು ಬರುವಷ್ಟು ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ನಂಬರು ಹಾಕಿ ಪೆಟ್ಟಿಗೆಗೆ ತುಂಬುತ್ತಾರೆ. ನಿಲ್ದಾಣದಲ್ಲಿ ಗೋಡೆಗೆ ಸಿಮೆಂಟಿನ ಅಂಟು ಬಳಿದು ನಂಬರಿನ ಪ್ರಕಾರ ಒತ್ತಿ, ಒಣಗಿದ ಮೇಲೆ ಸಂದುಗಳಿಗೆ ಗ್ರೌಟ್ ತುಂಬಿ ಒರೆಸುತ್ತಾರೆ.

ಇದರಲ್ಲಿ ಏನು ಕೆಡಬಹುದು ಎಂಬುದನ್ನು ಟೈಲ್ಸ್ ಕೆಲಸದವರು ಒಂದೇ ನೋಟಕ್ಕೆ ಹೇಳುತ್ತಾರೆ. ಆಳೆತ್ತರದ ಆಕೃತಿಯಲ್ಲಿ ಮುಖದ ಅಗಲ ಸುಮಾರು 16 ಸೆಂಟಿಮೀಟರ್, ಎತ್ತರ 22. ಅರ್ಧ ಸೆಂಟಿಮೀಟರಿನ ಚೂರು ಬಳಸಿದರೆ ಅಡ್ಡಕ್ಕೆ 32, ಉದ್ದಕ್ಕೆ 44. ಒಟ್ಟು 1400ರ ಆಸುಪಾಸು. ಅಷ್ಟರಲ್ಲೇ ಕಣ್ಣು, ಮೂಗು, ನಗು, ದಣಿವು ಎಲ್ಲ ಬರಬೇಕು. ಚೂರು ದೊಡ್ಡದಾದರೆ ಮುಖ ಗೊಂಬೆಯದಾಗುತ್ತದೆ. ಸಂದು ಅಗಲವಾದರೆ ಗ್ರೌಟಿನ ಬೂದು ಗೆರೆಗಳು ಕೆನ್ನೆಯನ್ನು ಹರಿದುಹಾಕುತ್ತವೆ. ಎಲ್ಲಕ್ಕಿಂತ ಕಷ್ಟದ್ದು ಕಂದು ಚರ್ಮ. ಫೋಟೊದಲ್ಲಿ ನಮ್ಮಂಥವರ ಕೆನ್ನೆಯ ಮೇಲೆ ಜೇನುಬಣ್ಣದಿಂದ ನೇರಳೆಯ ತನಕ ಹತ್ತಾರು ಛಾಯೆ ಇರುತ್ತವೆ, ಗಾಜಿನಲ್ಲಿ ಅಷ್ಟನ್ನು ಹುಡುಕುವ ತಾಳ್ಮೆ ಇಲ್ಲದಿದ್ದರೆ ಮುಖ ಕೆಸರಿನ ಮುದ್ದೆಯಾಗುತ್ತದೆ. 72 ಸ್ಟ್ರೀಟ್‌ನಲ್ಲಿ ಹಾಗಾಗಿಲ್ಲ. ಒಂದು ಮುಖದ ಮುಂದೆ ಗೇಣಳತೆಯಲ್ಲಿ ನಿಂತು ನೋಡಿ: ತುಟಿಯ ಅಂಚಿನಲ್ಲಿ ತಿಳಿ ಹಸಿರು, ಕತ್ತಿನ ನೆರಳಲ್ಲಿ ನೀಲಿ, ಗಲ್ಲದ ಕೆಳಗೆ ಇಟ್ಟಿಗೆ ಕೆಂಪು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಎನಿಸುತ್ತದೆ. ಹತ್ತು ಹೆಜ್ಜೆ ಹಿಂದೆ ಹೋಗಿ ತಿರುಗಿದರೆ ಉಸಿರಾಡುವ ಮನುಷ್ಯ. ಮಕ್ಕಳಿಗೆ ಈ ಆಟ ಹಿಡಿಸಿದರೆ ಅರ್ಧ ಗಂಟೆ ಅಲ್ಲೇ ಹೋಗುತ್ತದೆ, ಹೋಗಲಿ ಬಿಡಿ.

ನೀರಿನ ಮಾತನ್ನೂ ಹೇಳಬೇಕು. ಮಳೆಯೇ ಇಲ್ಲದ ದಿನದಲ್ಲೂ ನ್ಯೂಯಾರ್ಕ್ ಸಬ್‌ವೇಯಿಂದ ಸುಮಾರು 1.3 ಕೋಟಿ ಗ್ಯಾಲನ್, ಅಂದರೆ ಹತ್ತಿರ ಹತ್ತಿರ 5 ಕೋಟಿ ಲೀಟರ್ ನೀರನ್ನು ಪಂಪ್ ಮಾಡಿ ಹೊರಹಾಕುತ್ತಾರೆ. ನೆಲದಡಿಯ ಯಾವ ಗೋಡೆಯಾದರೂ ಜಿನುಗುತ್ತದೆ. ನೀರು ಸಿಮೆಂಟಿನ ಉಪ್ಪನ್ನು ಹೊತ್ತು ಬಂದು ಸಂದುಗಳಲ್ಲಿ ಬಿಳಿ ಪುಡಿಯಾಗಿ ಕೂರುತ್ತದೆ, ನಿಧಾನಕ್ಕೆ ಅಂಟು ಬಿಡುತ್ತದೆ. ಬ್ರೇಕಿನ ಕಬ್ಬಿಣದ ಧೂಳು ಅದರ ಮೇಲೆ ಕೂತು ಕಪ್ಪಾಗುತ್ತದೆ. ಕಾಗದದ ಫೋಟೊ ಇಂಥ ಜಾಗದಲ್ಲಿ ಒಂದು ಮಳೆಗಾಲ ತಡೆಯದು. ಗಾಜಿಗೆ ಬಣ್ಣ ಮೈಯೊಳಗೇ ಇರುವುದರಿಂದ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಹೊಸದು. ಫೋಟೊಗ್ರಾಫರ್‌ಗಳು ಇಲ್ಲಿ ಗಾಜಿನ ಮೊರೆ ಹೋದದ್ದು ಅಂದಕ್ಕಷ್ಟೇ ಅಲ್ಲ.

ಅಲ್ಲಿಂದ ಡೌನ್‌ಟೌನ್ ಕಡೆಯ, ಅಂದರೆ ದಕ್ಷಿಣಕ್ಕೆ ಹೋಗುವ, ಕ್ಯೂ ರೈಲು ಹತ್ತಿ ಒಂದೇ ನಿಲ್ದಾಣ, ಲೆಕ್ಸಿಂಗ್ಟನ್ ಅವೆನ್ಯೂ–63 ಸ್ಟ್ರೀಟ್. ಇಲ್ಲಿ ಜೀನ್ ಶಿನ್ ಅವರ 'ಎಲಿವೇಟೆಡ್'. ಶಿನ್ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದವರು. ಮೊದಲು ಈ ಭಾಗದಲ್ಲಿ ರೈಲು ಓಡುತ್ತಿದ್ದದ್ದು ನೆಲದಡಿಯಲ್ಲಲ್ಲ, ಬೀದಿಯ ಮೇಲೆ, ಕಬ್ಬಿಣದ ಕಂಬಗಳ ಸಾಲಿನ ಮೇಲೆ. ಸೆಕೆಂಡ್ ಅವೆನ್ಯೂ ಮೇಲಿನ ಆ ಮಾರ್ಗವನ್ನು 1940ರ ದಶಕದ ಆರಂಭದಲ್ಲಿ ಕಿತ್ತುಹಾಕಿದರು, ಥರ್ಡ್ ಅವೆನ್ಯೂದು 1955ರಲ್ಲಿ ನಿಂತಿತು. ಆ ಕಾಲದ ಸಂಗ್ರಹದ ಫೋಟೊಗಳನ್ನು ಆರಿಸಿ ಶಿನ್ ಅವನ್ನು ಸಿರಾಮಿಕ್, ಮೊಸಾಯಿಕ್ (ಗಾಜಿನ ಚೂರುಗಳ ಜೋಡಣೆ), ಪದರಗಾಜು ಎಂಬ ಮೂರು ವಸ್ತುಗಳಲ್ಲಿ ಹಂಚಿದ್ದಾರೆ. ಥರ್ಡ್ ಅವೆನ್ಯೂ ಬಾಗಿಲಿನಿಂದ ಇಳಿಯುವವರಿಗೆ ಮೊದಲು ಕಳಚುತ್ತಿರುವ ತೊಲೆಗಳೂ ಕ್ರೇನುಗಳೂ, ಆಮೇಲೆ ಕಂಬ ಹೋದಲ್ಲಿ ತೆರೆದುಕೊಂಡ ಆಕಾಶ. ಕೊನೆಗೆ ಪ್ಲಾಟ್‌ಫಾರ್ಮಿನಲ್ಲಿ ಅರ್ಧ ಕನ್ನಡಿಯಂಥ ಗಾಜು, ಅದರೊಳಗೆ ಹಳೆಯ ಕಾಲದ ಜನ.

ಆ ಗಾಜಿನ ಮುಂದೆ ನಿಲ್ಲುವುದಕ್ಕೆ ಒಂದು ಕ್ರಮವಿದೆ. ನೇರ ಎದುರು ನಿಂತರೆ ನಮ್ಮದೇ ಮುಖ ಕಂಡು, ಹಿಂದಿನವರು ಮಸುಕಾಗುತ್ತಾರೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಟೋಪಿ ಹಾಕಿದ ಆ ಕಾಲದ ಪ್ರಯಾಣಿಕರು ಮುಂದೆ ಬರುತ್ತಾರೆ, ಅವರ ನಡುವೆ ನಮ್ಮ ನೆರಳು ತೆಳುವಾಗಿ ಸೇರಿಕೊಳ್ಳುತ್ತದೆ. ಎದುರಿನ ಹಳಿಗೆ ರೈಲು ಬಂದಾಗ ಅದರ ದೀಪ ಗಾಜಿನ ಮೇಲೆ ಹರಿದು ಇಡೀ ಚಿತ್ರ ಒಂದು ಕ್ಷಣ ಮುಂದಕ್ಕೆ ಚಲಿಸಿದಂತೆ ಕಾಣುತ್ತದೆ. ಎರಡು ರೈಲು ಬಿಟ್ಟು ಮೂರನೆಯದನ್ನು ಹತ್ತಿ. ಈ ಸುತ್ತಿನಲ್ಲಿ ಒಂದೇ ನಿಲ್ದಾಣಕ್ಕೆ ಪುರುಸೊತ್ತಿದ್ದರೆ 63 ಸ್ಟ್ರೀಟ್ ಸಾಕು. ಆದರೆ ತೀರಾ ಚಿಕ್ಕ ಮಕ್ಕಳಿಗೆ ಇದು ರುಚಿಸದು. ಬೂದು, ಕಂದು ಬಣ್ಣವೇ ಹೆಚ್ಚು, ಆಟದ ವಸ್ತುವಿಲ್ಲ.

ಮಕ್ಕಳಿಗೆ ಅಂತಲೇ ಇರುವುದು 23 ಸ್ಟ್ರೀಟ್. 63ರಲ್ಲಿ ಅದೇ ಪ್ಲಾಟ್‌ಫಾರ್ಮಿನ ಆಚೆ ಬದಿಗೆ ಬರುವ ಎಫ್ ಅಥವಾ ಎಂ ರೈಲು ಹತ್ತಿ, ಮೆಟ್ಟಿಲು ಹತ್ತಿಳಿಯುವ ಕೆಲಸವಿಲ್ಲ. ವಾರದ ದಿನ, ವಾರಾಂತ್ಯ, ಹೊತ್ತು ಇವುಗಳಿಗೆ ತಕ್ಕಂತೆ ಎರಡರಲ್ಲಿ ಒಂದು ಬರುತ್ತದೆ. ಎರಡೂ 23ಕ್ಕೆ ಹೋಗುತ್ತವೆ. 2018ರಲ್ಲಿ ವಿಲಿಯಂ ವೆಗ್‌ಮನ್ ಇಲ್ಲಿ ತಮ್ಮ ನಾಯಿಗಳಾದ ಫ್ಲೋ ಮತ್ತು ಟಾಪರ್ ಅವರ 11 ಮೊಸಾಯಿಕ್‌ಗಳನ್ನು ಇರಿಸಿದರು. ವೆಗ್‌ಮನ್ ದಶಕಗಳಿಂದ ವೈಮರಾನರ್ ಜಾತಿಯ ಬೂದುಬಣ್ಣದ ನಾಯಿಗಳ ಫೋಟೊ ತೆಗೆಯುತ್ತ ಬಂದವರು. ಕೆಲವು ಚಿತ್ರಗಳಲ್ಲಿ ನಾಯಿಗಳು ಮನುಷ್ಯರ ಬಟ್ಟೆ ತೊಟ್ಟು, ಥಳಥಳ ಮಳೆಕೋಟು ಹಾಕಿ, ರೈಲು ಯಾಕೆ ಇನ್ನೂ ಬಂದಿಲ್ಲ ಎಂಬಂತೆ ದೂರಕ್ಕೆ ದೃಷ್ಟಿ ನೆಟ್ಟಿವೆ.

ಇದು ತಮಾಷೆಯಾಗಿ ಮುಗಿಯದಿರುವುದಕ್ಕೆ ಕಾರಣ ಆ ಕಣ್ಣುಗಳು. ಬೂದು ಮುಖದಲ್ಲಿ ಹಳದಿ ಮಿಶ್ರಿತ ಕಣ್ಣು, ಅದರ ಹೊಳಪಿಗೆ ಒಂದೇ ಒಂದು ಬಿಳಿ ಚೂರು. ಆ ಚೂರನ್ನು ಬೆರಳಿಂದ ಮುಚ್ಚಿಕೊಂಡು ನೋಡಿದರೆ ನಾಯಿ ನಿರ್ಜೀವ, ಬೆರಳು ತೆಗೆದರೆ ಮತ್ತೆ ಜೀವ. ಮಗುವಿಗೆ ಇದನ್ನು ತೋರಿಸಿಕೊಡಿ. ಪ್ರಾಣಿಗೆ ಬಟ್ಟೆ ತೊಡಿಸಿ ಮಾತಾಡಿಸುವುದು ಎಲ್ಲ ಮಕ್ಕಳೂ ಮಾಡುವ ಕೆಲಸವೇ. ಅದನ್ನು ಪೂರ್ತಿ ಗಂಭೀರವಾಗಿ, ಇಷ್ಟು ದುಬಾರಿ ವಸ್ತುವಿನಲ್ಲಿ ಮಾಡಿದ್ದಾರೆ ಎಂಬುದೇ ಮಗುವಿಗೆ ಸಿಗುವ ಗೌರವ.

ಒಂದು ಎಚ್ಚರಿಕೆ. ಬಂದ ದಿಕ್ಕಿಗೆ ತಿರುಗಿ ಹೋಗುವಾಗ, ಹೊರಗೆ ಬಂದು ಮತ್ತೆ ಕಾರ್ಡ್ ತಟ್ಟುವ ಹಾಗಾಗಬಾರದು ಎಂದರೆ ಅದೇ ರೈಲಿನಲ್ಲಿ ವೆಸ್ಟ್ 4 ಸ್ಟ್ರೀಟ್ ತನಕ ಹೋಗಿ. ಅಲ್ಲಿ ಒಳಗಿಂದೊಳಗೇ ಎದುರು ಪ್ಲಾಟ್‌ಫಾರ್ಮಿಗೆ ದಾಟಬಹುದು. ಅಪ್‌ಟೌನ್ (ಉತ್ತರದ ಕಡೆಯ) ರೈಲು ಹಿಡಿದು ಬರುವಾಗ 23ರ ಆಚೆ ಬದಿಯಲ್ಲೂ ಇಳಿದು ನೋಡಿಕೊಂಡು, 42 ಸ್ಟ್ರೀಟ್–ಬ್ರಯಂಟ್ ಪಾರ್ಕ್‌ಗೆ ಬನ್ನಿ.

ಇಲ್ಲಿ ಫೋಟೊ ಫೋಟೊವಾಗಿಯೇ ಸಿಗುತ್ತದೆ. ಆರ್ಟ್ಸ್ ಅಂಡ್ ಡಿಸೈನ್ ವಿಭಾಗ ಕೆಲವು ನಿಲ್ದಾಣಗಳಲ್ಲಿ ದೀಪದ ಪೆಟ್ಟಿಗೆಗಳನ್ನು ಇಟ್ಟಿದೆ: ಇಲ್ಲಿ, ಬೌಲಿಂಗ್ ಗ್ರೀನ್‌ನಲ್ಲಿ, ಅಟ್ಲಾಂಟಿಕ್ ಅವೆನ್ಯೂ–ಬಾರ್ಕ್ಲೇಸ್ ಸೆಂಟರ್‌ನಲ್ಲಿ, ಗ್ರ್ಯಾಂಡ್ ಸೆಂಟ್ರಲ್‌ನ ನೆಲಮಾಳಿಗೆಯ ಊಟದ ಅಂಗಳದಲ್ಲಿ. ಒಬ್ಬ ಫೋಟೊಗ್ರಾಫರ್‌ನ ಒಂದು ಸರಣಿ, ಹಿಂದಿನಿಂದ ಬೆಳಕು, ಮುಂದೆ ಗಾಜು. ಹೆಚ್ಚುಕಡಿಮೆ ಒಂದು ವರ್ಷ ಇದ್ದು ಮುಂದಿನವರಿಗೆ ಜಾಗ ಬಿಡುತ್ತದೆ. ವಲಸೆ ಬಂದ ಕುಟುಂಬಗಳು, ಓಣಿಯ ಮಕ್ಕಳು ಇಂಥ ವಿಷಯಗಳಿಗೆ ಈ ವ್ಯವಸ್ಥೆ ಹೇಳಿ ಮಾಡಿಸಿದ್ದು, ಹೊಸ ಫೋಟೊಗ್ರಾಫರ್‌ಗೆ ಇಷ್ಟು ಕಣ್ಣುಗಳು ಯಾವ ಗ್ಯಾಲರಿಯಲ್ಲೂ ಸಿಗವು.

ಆದರೂ ಇದು ಈ ವಿಭಾಗದ ಬಡ ಕೂಸು. ಜಾಹೀರಾತಿನ ಪೆಟ್ಟಿಗೆಯೂ ಕಲೆಯ ಪೆಟ್ಟಿಗೆಯೂ ದೂರದಿಂದ ಒಂದೇ ಥರ ಕಾಣುತ್ತವೆ, ಜಾಹೀರಾತನ್ನು ನೋಡದೇ ದಾಟಲು ಪಳಗಿದ ಕಣ್ಣು ಕಲೆಯನ್ನೂ ದಾಟಿಬಿಡುತ್ತದೆ. ವಿವರ ಬರೆದ ಫಲಕದ ಅಕ್ಷರ ಸಣ್ಣದು, ನಡೆಯುತ್ತ ಓದಲಾಗದು. ಎದುರಿನ ದೀಪಗಳು ಗಾಜಿನಲ್ಲಿ ಬಿದ್ದು ಫೋಟೊದ ಕಪ್ಪು ಭಾಗವೆಲ್ಲ ತೊಳೆದುಹೋಗುತ್ತದೆ. ರಾತ್ರಿಯ ದೃಶ್ಯಗಳ ಸರಣಿಗೆ ಇದು ದೊಡ್ಡ ಪೆಟ್ಟು, ಹಗಲು ಬೆಳಕಿನ ಗಾಢ ಬಣ್ಣದ ಫೋಟೊಗಳು ಬಚಾವಾಗುತ್ತವೆ. ಸರಣಿ ಆರಿಸುವವರು ಇದನ್ನು ಇನ್ನಷ್ಟು ಕಟ್ಟುನಿಟ್ಟಾಗಿ ನೋಡಬೇಕು. ವರ್ಷ ಕಳೆದ ಮೇಲೆ ಹಿಂದಿನ ಸರಣಿಯ ಗುರುತು ನಿಲ್ದಾಣದಲ್ಲಿ ಏನೂ ಉಳಿಯದಿರುವುದೂ ಬೇಸರದ ಸಂಗತಿ, ಒಂದು ಸಣ್ಣ ಹೆಸರುಪಟ್ಟಿ ಇದ್ದರೂ ಸಾಕಿತ್ತು.

ಮೊಬೈಲಿನಲ್ಲಿ ಫೋಟೊ ತೆಗೆಯುವವರಿಗೆ ಕೆಲವು ಮಾತು. ಸ್ವಂತಕ್ಕೆ ಫೋಟೊ ತೆಗೆಯಲು ಸಬ್‌ವೇಯಲ್ಲಿ ಅಡ್ಡಿಯಿಲ್ಲ. ಟ್ರೈಪಾಡ್, ಬೇರೆ ದೀಪ ಕೂಡದು. ಊರಿಂದ ತಂದ ಕ್ಯಾಮರಾದಲ್ಲಿ ದೀಪದ ಮಿನುಗು (ಫ್ಲಿಕರ್) ತಡೆಯುವ ಸೆಟ್ಟಿಂಗ್ 50 ಹರ್ಟ್ಸ್‌ನಲ್ಲಿದ್ದರೆ ಇಲ್ಲಿ 60ಕ್ಕೆ ಬದಲಿಸಿ, ಇಲ್ಲವಾದರೆ ದೀಪದ ಪೆಟ್ಟಿಗೆಯ ಮೇಲೆ ಕಪ್ಪು ಪಟ್ಟೆಗಳು ಬರುತ್ತವೆ. ಷಟರ್ ಕೈಯಾರೆ ಹಾಕುವುದಾದರೆ 60ನೇ ಒಂದು ಅಥವಾ 120ನೇ ಒಂದು ಸೆಕೆಂಡ್. ಗಾಜಿನ ಮುಂದೆ ಫೋನನ್ನು ಗಾಜಿಗೇ ತಾಗಿಸಿ ಹಿಡಿದರೆ ಪ್ರತಿಬಿಂಬ ಬೀಳದು; ಪೂರ್ತಿ ಚಿತ್ರ ಬೇಕಾದರೆ ಕಪ್ಪು ಅಂಗಿಯವರನ್ನು ಎದುರು ನಿಲ್ಲಿಸಿಕೊಂಡು ಓರೆಯಿಂದ ತೆಗೆಯಿರಿ. ಹಿಂದೆ ಹಿಂದೆ ಹೆಜ್ಜೆ ಇಡುವಾಗ ಪ್ಲಾಟ್‌ಫಾರ್ಮಿನ ಅಂಚಿನ ಹಳದಿ ಪಟ್ಟಿಯ ಮೇಲೆ ಕಾಲಿಡಲೇಬೇಡಿ. ಮೊಸಾಯಿಕ್ ನೋಡುವ ಮೋಹದಲ್ಲಿ ಈ ತಪ್ಪು ಯಾರಿಂದಲಾದರೂ ಆಗಬಹುದು, ಮಕ್ಕಳ ಕೈ ಒಬ್ಬರು ಹಿಡಿದೇ ಇರಬೇಕು.

44 ಇಂಚು, ಅಂದರೆ 112 ಸೆಂಟಿಮೀಟರ್ ಎತ್ತರದ ತನಕದ ಮಕ್ಕಳಿಗೆ ಟಿಕೆಟ್ಟಿಲ್ಲ, ದೊಡ್ಡವರೊಬ್ಬರ ಜೊತೆ ಮೂವರು ಹೋಗಬಹುದು. ವಾರದ ದಿನ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ ಜನಸಂದಣಿ ಕಡಿಮೆ. ಸೆಕೆಂಡ್ ಅವೆನ್ಯೂ ಮಾರ್ಗದ ನಿಲ್ದಾಣಗಳಲ್ಲಿ ಲಿಫ್ಟ್ ಇದೆ.

ಬ್ರಯಂಟ್ ಪಾರ್ಕ್‌ನಿಂದ ಒಳದಾರಿಯಲ್ಲೇ ನಡೆದು 7 ನಂಬರ್ ರೈಲು ಹತ್ತಿ ಕೊನೆಯ ನಿಲ್ದಾಣ ಫ್ಲಶಿಂಗ್–ಮೇನ್ ಸ್ಟ್ರೀಟ್ ತನಕ ಹೋಗಿ. ಇಲ್ಲಿರುವುದು ಇಕ್ ಜೂಂಗ್ ಕಾಂಗ್ ಅವರ 'ಹ್ಯಾಪಿ ವರ್ಲ್ಡ್'. ಇದು ಫೋಟೊ ಅಲ್ಲ. ಆದರೆ ವಲಸೆ, ಬಾಲ್ಯ, ರೈಲು ಮೂರೂ ಒಂದೇ ವಸ್ತುವಿನಲ್ಲಿ ಸೇರಿದ್ದು ಇದರಷ್ಟು ಬೇರೆ ಯಾವುದರಲ್ಲೂ ಇಲ್ಲ. 1984ರಲ್ಲಿ ಕೊರಿಯಾದಿಂದ ಓದಲು ಬಂದ ಕಾಂಗ್‌ಗೆ ದುಡಿಮೆ, ಓದು, ಪ್ರಯಾಣ ಇವುಗಳ ನಡುವೆ ಚಿತ್ರ ಬಿಡಿಸಲು ಸಿಗುತ್ತಿದ್ದದ್ದು ರೈಲಿನ ಹೊತ್ತೊಂದೇ. ಅಂಗೈಯಲ್ಲಿ ಹಿಡಿಯುವ, ಜೇಬಿಗೆ ಹೋಗುವ 3 ಇಂಚಿನ ಚೌಕಗಳನ್ನು ಮಾಡಿಕೊಂಡು ಅವುಗಳ ಮೇಲೆ ಬಿಡಿಸತೊಡಗಿದರು. ಆ ಅಳತೆಯೇ ಅವರ ಕಲೆಯ ಗುರುತಾಯಿತು. ಫ್ಲಶಿಂಗ್‌ನಲ್ಲಿ ಅಂಥ ಪುಟ್ಟ ಸಿರಾಮಿಕ್ ಚೌಕಗಳು ಎಣಿಸಲು ಹೊರಟವರು ಸೋಲುವಷ್ಟಿವೆ. ಮಗು ನೋಟ್‌ಬುಕ್ಕಿನ ಅಂಚಿನಲ್ಲಿ ಗೀಚುವ ಥರದ ಸಣ್ಣ ಚಿತ್ರಗಳು, ಒಂದಕ್ಕೊಂದು ಕಥೆಯ ನಂಟಿಲ್ಲ. ಇಲ್ಲಿಂದ ಬೌನ್ ಸ್ಟ್ರೀಟ್‌ನ ಗಣೇಶ ದೇವಸ್ಥಾನಕ್ಕೆ ಅರ್ಧ ಗಂಟೆಯ ನಡಿಗೆ. 1977ರಲ್ಲಿ ಕುಂಭಾಭಿಷೇಕವಾದ ಆ ಗುಡಿಗೂ ಅದರ ಕ್ಯಾಂಟೀನಿನ ದೋಸೆಗೂ ರೈಲಿನಲ್ಲಿ ಬರುವ ಕನ್ನಡದ ಕುಟುಂಬಗಳ ದಾರಿಯಲ್ಲೇ ಈ ಚೌಕಗಳಿವೆ. ಮುಂದಿನ ಸಲ ಐದು ನಿಮಿಷ ಮೊದಲೇ ಹೊರಟರೆ ಆಯಿತು.

ಇನ್ನೊಂದು ದಿನಕ್ಕೆ ಉಳಿಸಿಕೊಳ್ಳಬೇಕಾದದ್ದು 163 ಸ್ಟ್ರೀಟ್–ಆಮ್‌ಸ್ಟರ್‌ಡ್ಯಾಂ ಅವೆನ್ಯೂ. ಡೊಮಿನಿಕನ್ ಗಣರಾಜ್ಯದಲ್ಲಿ ಹುಟ್ಟಿದ ಫಿರೆಲೇ ಬಾಯೆಜ್ 2018ರಲ್ಲಿ, ಅದೇ ನಾಡಿನಿಂದ ಬಂದವರು ತುಂಬಿರುವ ಈ ಬಡಾವಣೆಯ ಗೋಡೆಯಲ್ಲಿ ಸಿಗ್ವಾಪಾಳನ್ನು ತಂದು ನಿಲ್ಲಿಸಿದರು. ಆ ದ್ವೀಪದ ಮಕ್ಕಳೆಲ್ಲ ಕೇಳಿ ಬೆಳೆಯುವ ಕಾಡುಹೆಂಗಸು ಅವಳು, ಮೈತುಂಬ ಎಲೆ ಚಿಗುರು, ಪಾದಗಳು ಹಿಂದುಮುಂದು. ದೆವ್ವದ ಕಾಲು ತಿರುಗಿರುತ್ತದೆ ಎಂದು ಕೇಳಿ ಬೆಳೆದ ನಮ್ಮೂರಿನವರಿಗೆ ಅವಳು ಹೊರಗಿನವಳು ಅನ್ನಿಸುವುದಿಲ್ಲ. ಅವಳ ಹೆಜ್ಜೆಗುರುತು ನೋಡಿ ಬಂದಳೋ ಹೋದಳೋ ಹೇಳಲಾಗದು. ಹಗಲು ಹೋಗುವುದಾದರೆ ಸಿ ರೈಲನ್ನೇ ಹತ್ತಿ, ಎ ಇಲ್ಲಿ ನಿಲ್ಲದೆ ನೇರ 168ಕ್ಕೆ ಒಯ್ಯುತ್ತದೆ. ಲಿಫ್ಟ್ ಇಲ್ಲ, ಮೆಟ್ಟಿಲೇ ಗತಿ. ಮೊಣಕಾಲು ನೋವಿನ ಹಿರಿಯರೂ ಮಗುವಿನ ಗಾಡಿಯೂ ಇದ್ದರೆ ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ.